ಮೇಲಿನ ತೋಟದ ಕಾಫಿ

ಇಪ್ಪತ್ತು ವರ್ಷದ ಮೇಲಿನ ಸಂಸಾರದಲ್ಲಿ ನಮ್ಮತ್ತೆ ನನ್ನನ್ನು ಸೋಮಾರಿ ಎಂದಿದ್ದಾರೆ, ಕೈ ಸಡಿಲ ಎಂದಿದ್ದಾರೆ, ಚಹಾ ಕುಡಿಯುವ ಊರಿನಿಂದ ಬಂದವಳು ಎಂದಂತೂ ದಿನಕ್ಕೊಂದು ಸಲ ಎಂದಿದ್ದಾರೆ. ಅದೆಲ್ಲ ನನಗೆ ಅಭ್ಯಾಸವಾಗಿಹೋಗಿತ್ತು. ಆದರೆ ಈ ಸಲ ಗೌರಿ ಹಬ್ಬ ಮುಗಿದ ಮೇಲೆ ನನ್ನನ್ನು ಕಳ್ಳಿ ಎಂದರು. ಅದೊಂದು ಮಾತು ಮಾತ್ರ ನನ್ನ ಗಂಟಲಲ್ಲಿ ಇಳಿಯಲಿಲ್ಲ.

ಕಾರಣ ಕಾಫಿ. ಅತ್ತೆ ರಮಾಮಣಿಯವರ ತವರು ಚಿಕ್ಕಮಗಳೂರಿನ ಆಚೆ ಹೊನ್ನೆಗುಡ್ಡ. ಅವರ ಅಪ್ಪನಿಗೆ ಎರಡು ತುಂಡು ಕಾಫಿ ತೋಟವಿತ್ತು. ಗುಡ್ಡದ ನೆತ್ತಿಗೆ ಹತ್ತಿರವಿದ್ದದ್ದು ಮೇಲಿನ ತೋಟ, ಹಳ್ಳದ ಬದಿಯಲ್ಲಿದ್ದದ್ದು ಕೆಳಗಿನ ತೋಟ. ಅತ್ತೆಯ ಮದುವೆಯಲ್ಲಿ ಅವರಮ್ಮ ಮೇಲಿನ ತೋಟವನ್ನು ಅರಿಶಿನ ಕುಂಕುಮಕ್ಕೆ ಎಂದು ಮಗಳಿಗೆ ಕೊಟ್ಟರು. ಅವರ ಮನೆತನದ ಪದ್ಧತಿ ಅದು. ಪತ್ರ ಗಿತ್ರ ಏನೂ ಇಲ್ಲ, ಬರೀ ಬಾಯಿಮಾತು. ಪಹಣಿ ತಮ್ಮನ ಹೆಸರಿನಲ್ಲೇ ಇರುತ್ತದೆ, ಆದರೆ ನೆಲದ ಫಲ ಹೆಣ್ಣುಮಗಳದು, ಅವಳ ನಂತರ ಅವಳ ಮನೆಯ ಹೆಣ್ಣುಮಕ್ಕಳದು. ಗಂಡಸರು ಅದನ್ನು ಮುಟ್ಟುವಂತಿಲ್ಲ.

ಅತ್ತೆಯ ತಮ್ಮ ಪಟ್ಟಾಭಿರಾಮ ಆ ತೋಟವನ್ನೂ ನೋಡಿಕೊಂಡು, ಪ್ರತಿವರ್ಷ ಗೌರಿ ಹಬ್ಬಕ್ಕೆ ಮುಂಚೆ ಅಕ್ಕನಿಗೆ ಒಂದು ಮೂಟೆ ಬೀಜ ಕಳಿಸುತ್ತಿದ್ದರು. ನನ್ನ ಗಂಡ ಹಯವದನ ಇನ್ಶೂರೆನ್ಸ್ ಕಂಪನಿಯಲ್ಲಿ ಅಧಿಕಾರಿ. ವರ್ಗವಾದ ಕಡೆಗೆಲ್ಲ ಆ ಮೂಟೆಯೂ ನಮ್ಮ ಹಿಂದೆ ಬಂತು. ಸೂರತ್ತಿನ ಕತಾರ್‌ಗಾಮ್‌ಗೆ ಬಂತು, ವಡೋದರಾಕ್ಕೆ ಬಂತು, ಆಮೇಲೆ ಅಹಮದಾಬಾದಿನಲ್ಲಿ ಮಣಿನಗರದ ಈ ಫ್ಲ್ಯಾಟ್ ಕೊಂಡ ಮೇಲೆ ಇಲ್ಲಿಗೂ ಬಂತು.

ಮೊಣಕಾಲು ಹಿಡಿದುಕೊಂಡ ಮೇಲೆ ಅತ್ತೆ ಒಲೆಯ ಮುಂದೆ ಹೆಚ್ಚು ಹೊತ್ತು ನಿಲ್ಲಲಾರರು. ಹಾಗಾಗಿ ಬೀಜ ಹುರಿದು ಪುಡಿ ಮಾಡುವುದು ಈಗ ನನ್ನ ಪಾಲಿನ ಕೆಲಸ. ಅವರು ಕುರ್ಚಿ ಹಾಕಿಕೊಂಡು ಕೂತು, "ಸಾಕು, ಇಳಿಸು, ಹೊತ್ತಿಸ್ತೀಯಾ ಏನು" ಎನ್ನುತ್ತಾರೆ. ಈ ವರ್ಷವೂ ಹಾಗೆಯೇ ಹುರಿದೆ, ಮಿಕ್ಸಿಯಲ್ಲಿ ಪುಡಿ ಮಾಡಿದೆ, ಡಬ್ಬಕ್ಕೆ ತುಂಬಿದೆ. ಹಬ್ಬದ ಮಾರನೆಯ ಬೆಳಗ್ಗೆ ಹೊಸ ಪುಡಿಯ ಮೊದಲ ಡಿಕಾಕ್ಷನ್ ಇಳಿಸಿ ಲೋಟ ಅವರ ಕೈಗೆ ಕೊಟ್ಟೆ.

ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು.

"ಇದೇನೇ ಇದು?"

"ಕಾಫಿ, ಅತ್ತೆ."

"ಕಾಫಿ ಅಂತ ನನಗೂ ಗೊತ್ತಾಗತ್ತೆ. ಯಾವ ತೋಟದ್ದು?"

"ನಿಮ್ಮ ತೋಟದ್ದೇ. ನಿಮ್ಮ ತಮ್ಮ ಕಳಿಸಿದ ಮೂಟೆ ನಿಮ್ಮೆದುರಿಗೇ ಬಿಚ್ಚಲಿಲ್ವಾ?"

"ಬಿಚ್ಚಿದ್ದು ನೋಡಿದೀನಿ. ಡಬ್ಬಕ್ಕೆ ಏನು ತುಂಬಿದೆ ಅಂತ ನೋಡಿಲ್ಲ."

ಅವರ ಪ್ರಕಾರ ಮೇಲಿನ ತೋಟದ ಕಾಫಿಗೆ ನಾಲಿಗೆಯ ತುದಿಯಲ್ಲಿ ಕಿತ್ತಳೆಯ ಹುಳಿ ಇರಬೇಕು, ನುಂಗಿದ ಮೇಲೆ ಗಂಟಲಲ್ಲಿ ಸಿಹಿ ನಿಲ್ಲಬೇಕು. ಈ ಪಾಠವನ್ನು ನಾನು ಮದುವೆಯಾದ ವರ್ಷದಿಂದ ಕೇಳಿದ್ದೇನೆ. "ಅಲ್ಲಿ ಹಣ್ಣಿಗೆ ಆತುರ ಇಲ್ಲ ಕಣೇ. ಮೇಲೆ ಚಳಿ, ಮಂಜು. ಬೆಳಗಿನ ಬಿಸಿಲು ಮಾತ್ರ ಬೀಳತ್ತೆ, ನಿಧಾನವಾಗಿ ಹಣ್ಣಾಗ್ತವೆ. ಮಧ್ಯೆ ಮಧ್ಯೆ ಕಿತ್ತಳೆ ಮರ. ಕೆಳಗಿನ ತೋಟದಲ್ಲಿ ಸೆಕೆ, ದಬದಬ ಅಂತ ಹಣ್ಣಾಗಿಬಿಡ್ತವೆ. ಕಹಿ ಬಿಟ್ಟರೆ ಬೇರೇನೂ ಇರಲ್ಲ. ಒಂದೇ ಗುಡ್ಡ, ಒಂದೇ ಗಿಡ, ಒಬ್ಬರೇ ಹಾಕಿದ ಗೊಬ್ಬರ. ರುಚಿ ಮಾತ್ರ ನೆಲ ಕೊಡಬೇಕು." ನನಗೆ ಎರಡೂ ಕಾಫಿಯೇ. ರಾಣೆಬೆನ್ನೂರಿನವಳು ನಾನು, ನನಗೆ ಶುಂಠಿ ಹಾಕಿದ ಚಹಾ ಸಿಕ್ಕರೆ ಸಾಕು.

ಮೊದಲು ನೀರಿನ ಮೇಲೆ ಅನುಮಾನ ಬಂತು. ಫಿಲ್ಟರ್ ಮಷಿನ್ನಿನವನನ್ನು ಕರೆಸಿ ಕ್ಯಾಂಡಲ್ ಬದಲಾಯಿಸಿದೆವು. ಆಮೇಲೆ ಹಾಲಿನ ಮೇಲೆ ಬಂತು. ಪ್ಯಾಕೆಟ್ ಬಿಟ್ಟು, ಎಮ್ಮೆ ಕಟ್ಟುವ ತಬೇಲಾಕ್ಕೇ ಹೋಗಿ ಹಾಲು ತಂದೆ. ಕೆನೆ ಎರಡು ಬೆರಳು ಬಂತೇ ಹೊರತು ಹುಳಿ ಬರಲಿಲ್ಲ. ಆಮೇಲೆ, "ಚಿಕೋರಿ ಎಷ್ಟು ಬೆರೆಸಿದೀಯ, ನಿಜ ಹೇಳು" ಎಂದರು. ಬೆರೆಸಿಲ್ಲ ಎಂದೆ. ನನ್ನ ಮುಖವನ್ನೇ ನೋಡುತ್ತ ಕೂತರು.

ಒಂದು ದಿನ ಬೆಳಗ್ಗೆ ಡಬ್ಬದ ಮುಚ್ಚಳ ತೆಗೆದರೆ ಪುಡಿಯ ಮೇಲೆ ಗುಂಡಗೆ ಒಂದು ಗುರುತು. ಪುಡಿಯನ್ನು ಚಮಚದಲ್ಲಿ ಸಮ ಮಾಡಿ, ಮೇಲೆ ತಮ್ಮ ಬಳೆ ಒತ್ತಿ ಮೊಹರು ಹಾಕಿದ್ದರು! ಯಾರಾದರೂ ಕೈ ಹಾಕಿದರೆ ಗೊತ್ತಾಗಲಿ ಎಂದು. ನಾನು ನಕ್ಕುಬಿಟ್ಟೆ.

"ಏನತ್ತೆ ಇದು, ಟ್ರೆಷರಿಗೆ ಸೀಲ್ ಹಾಕಿದ ಹಾಗೆ?"

"ನಗು, ನಗು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ."

"ನಾನೇನು ಮುಟ್ಟಿ ನೋಡ್ಕೊಂಡೆ?"

"ನಗ್ತಾ ಇದೀಯಲ್ಲ, ಅದೇ."

ಅಂದಿನಿಂದ ಫಿಲ್ಟರಿಗೆ ಪುಡಿ ಹಾಕುವಾಗ ಅವರು ಎದುರಿಗೆ ಇರಲೇಬೇಕು. ಪುಡಿ ತೆಗೆದ ಮೇಲೆ ಮತ್ತೆ ಸಮ ಮಾಡಿ, ಮತ್ತೆ ಬಳೆ ಒತ್ತಿ, ಮುಚ್ಚಳ ಹಾಕುತ್ತಿದ್ದರು. ನಾನು ತರಕಾರಿಗೆ ಹೋದಾಗ ನನ್ನ ಬೀರು ಜಾಲಾಡಿದ್ದೂ ಗೊತ್ತಾಯಿತು. ಸೀರೆಗಳ ಮಡಿಕೆ ಬದಲಾಗಿತ್ತು. ಅವನ್ನೂ ಮತ್ತೆ ಮಡಿಸಿಟ್ಟೆ.

ಆದರೆ ಕೆಳಗಿನ ಮನೆಯ ಭಾವನಾಬೆನ್ ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿ, "ಮಂದಾಬೆನ್, ನಿಮ್ಮತ್ತೆ ಕೇಳ್ತಿದ್ರು, ನೀವು ನನಗೆ ಕಾಫಿ ಮಾರಿದಿರಾ ಅಂತ. ನಾವು ಚಾ ಕುಡಿಯೋರು ಅಂತ ಹೇಳಿದೆ" ಎಂದು ಹಿಂದಿಯಲ್ಲೇ ಅರ್ಧ ನಗುತ್ತ ಅರ್ಧ ಕನಿಕರದಿಂದ ಹೇಳಿದಾಗ ನನ್ನ ಕಿವಿ ಬಿಸಿಯಾಯಿತು. ಮಾರಿದೆನಂತೆ! ಸೊಸೈಟಿಯ ಮೆಟ್ಟಿಲ ಮೇಲೆ ನನ್ನ ಮಾನ ಹರಾಜಾಗುತ್ತಿತ್ತು.

ಸಿಟ್ಟು ಬಂದರೆ ನನಗೆ ನನ್ನೂರಿನ ಮಾತೇ ಬರುತ್ತದೆ. ಮೇಲೆ ಬಂದವಳೇ ಚೀಲ ಒಗೆದು ಕೇಳಿದೆ. "ಅತ್ತಿ, ಕಾಫಿಪುಡಿ ಮಾರಿ ನಾನೇನ್ ಬಂಗ್ಲೆ ಕಟ್ಟಸಾಕತ್ತೀನೇನು? ಊರ ಮಂದಿ ಮುಂದ ಯಾಕ ನನ್ನ ಮರ್ಯಾದಿ ಕಳೀತೀರಿ?"

"ಕೂಗಬೇಡ. ಮೇಲಿನ ತೋಟದ ಬೀಜಕ್ಕೆ ಈಗ ಪೇಟೇಲಿ ಎಷ್ಟು ಬೆಲೆ ಇದೆ ಅಂತ ಟಿವೀಲಿ ಬಂತು. ನಿನ್ನ ಕನ್ನಡ ಸಂಘದ ಹೆಂಗಸರು ಬಂದಾಗೆಲ್ಲ 'ಎಂಥಾ ಕಾಫಿ, ಎಂಥಾ ಕಾಫಿ' ಅಂತಿದ್ರಲ್ಲ. ಅವರಿಗೆ ನಂದು ಕೊಟ್ಟು, ನನಗೆ ಪೇಟೆ ಪುಡಿ ತುಂಬಿದೀಯ."

"ನೀವು ನೋಡಿದ್ರಾ?"

"ನೋಡೋದೇನು? ನನ್ನ ನಾಲಿಗೆ ಸುಳ್ಳು ಹೇಳಲ್ಲ. ಮೂಟೆ ಬಂದಾಗ ಸರಿ ಇತ್ತು, ನಿನ್ನ ಕೈಗೆ ಹೋದ ಮೇಲೆ ಕೆಟ್ಟಿತು. ಮಧ್ಯೆ ಇನ್ಯಾರಿದಾರೆ? ಕಳ್ಳಿ ಅಂತ ಬಾಯಿಬಿಟ್ಟು ಹೇಳಿಸ್ಕೋಬೇಕಾ?"

ಹೇಳಿಯೇಬಿಟ್ಟರು. ನಾನು ಗಂಡನ ಮುಖ ನೋಡಿದೆ. ಅವರು ಸೋಫಾದಲ್ಲಿ ಕೂತು ಮೊಬೈಲಿನ ಮೇಲೆ ಬೆರಳಾಡಿಸುತ್ತಿದ್ದರು. "ಅಮ್ಮಾ, ಬಿಡಮ್ಮಾ" ಎಂದರು ಅಷ್ಟೇ. ಯಾರನ್ನು ಬಿಡಬೇಕು, ಏನನ್ನು ಬಿಡಬೇಕು, ಒಂದೂ ಸ್ಪಷ್ಟವಿರಲಿಲ್ಲ.

ಊಟಕ್ಕೆ ಕೂತಾಗ ನಾನೇ ಹೇಳಿದೆ. "ರೀ, ಹೊನ್ನೆಗುಡ್ಡಕ್ಕೆ ಫೋನ್ ಮಾಡಿ. ಈ ವರ್ಷ ಬೀಜ ಹೇಗೆ ಬಂತು, ಮಳೆ ಹೆಚ್ಚು ಕಡಿಮೆ ಆಯ್ತಾ, ಕೇಳೋಣ. ಒಂದೇ ಮಾತಿಗೆ ಮುಗಿದುಹೋಗುತ್ತೆ."

"ಅಲ್ಲಿ ಸಿಗ್ನಲ್ ಸಿಗಲ್ಲ."

"ಹಬ್ಬಕ್ಕೆ ಮುಂಚೆ ಸಿಕ್ಕಿತ್ತಲ್ಲ?"

"ಮಾವನಿಗೆ ಹುಷಾರಿಲ್ಲ ಅಂತಿದ್ರು. ಇಂಥ ಚಿಲ್ಲರೆ ವಿಷಯಕ್ಕೆ ಅವರನ್ನ ಯಾಕೆ ಎಳೀಬೇಕು? ತೊವ್ವೆ ಬಡಿಸು."

ಬಡಿಸಿದೆ. ಅತ್ತೆ ಚಪಾತಿ ಮುರಿಯುತ್ತ ನನ್ನನ್ನೇ ನೋಡಿದರು. ಅವರಿಗೂ ಫೋನ್ ಮಾಡುವ ಮನಸ್ಸಿರಲಿಲ್ಲ. "ಕೊಟ್ಟದ್ದಕ್ಕೆ ಕೊಂಕು ತೆಗೆದರೆ ತವರಿನವರು ಏನಂದುಕೊಳ್ತಾರೆ? ಅವನು ನನ್ನ ತಮ್ಮ, ಅವನು ಅಂಥೋನಲ್ಲ" ಎಂದರು. ಅಂಥವಳು ಯಾರು ಎಂದು ಹೇಳಬೇಕಿರಲಿಲ್ಲ.

ನವರಾತ್ರಿಗೆ ಕನ್ನಡ ಸಂಘದವರು ಬೊಂಬೆ ಕೂರಿಸಿ ಅರಿಶಿನ ಕುಂಕುಮಕ್ಕೆ ಕರೆದಿದ್ದರು. ಕೋಸಂಬರಿ ಹಂಚುತ್ತಿದ್ದ ಸಂಜನಾ ಎಲ್ಲರೆದುರಿಗೆ, "ಮಂದಾಕಿನಿಯವ್ರೇ, ನಿಮ್ಮತ್ತೆ ಹೇಳಿದ್ರು, ನೀವು ಕಾಫಿಪುಡಿ ವ್ಯಾಪಾರ ಶುರು ಮಾಡಿದೀರಂತೆ, ನಮಗೇ ಹೇಳಲಿಲ್ವಲ್ಲ" ಎಂದಳು. ಪಾಪ, ಅವಳು ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು. ನಾನು ಕೋಸಂಬರಿಯ ದೊನ್ನೆ ಕೈಯಲ್ಲಿ ಹಿಡಿದು ನಿಂತೆ. ಇಲ್ಲ ಎಂದರೆ ಅತ್ತೆಯ ಮಾತು ಸುಳ್ಳು, ಹೌದು ಎಂದರೆ ನಾನು ಕಳ್ಳಿ. ತಲೆನೋವು ಎಂದು ಹೇಳಿ ಗರ್ಬಾ ಕುಣಿತ ಶುರುವಾಗುವ ಮುಂಚೆಯೇ ರಿಕ್ಷಾ ಹಿಡಿದು ಮನೆಗೆ ಬಂದೆ. ಜೊತೆಗೆ ಬಂದಿದ್ದ ಅತ್ತೆಯಂತೂ ಸಾಲಿನ ಮೊದಲ ಕುರ್ಚಿಯಲ್ಲಿ ಕೂತು ಕುಣಿತವೆಲ್ಲ ನೋಡಿಯೇ ಬಂದರು.

ಆ ವಾರ ಗಂಡ ನನ್ನನ್ನು ಸ್ಕೂಟರಿನಲ್ಲಿ ಮಾರ್ಕೆಟ್ಟಿಗೆ ಕರೆದುಕೊಂಡು ಹೋದರು. ತಾವಾಗಿಯೇ ಬರುತ್ತೇನೆ ಎಂದಾಗಲೇ ನನಗೆ ಅನುಮಾನ ಬರಬೇಕಿತ್ತು. ಸ್ಟೇಷನ್ ಹತ್ತಿರ ಸ್ಕೂಟರ್ ನಿಲ್ಲಿಸಿ ಹೆಲ್ಮೆಟ್ ತೆಗೆದರು.

"ಮಂದಾ, ಒಂದು ಮಾತು. ನೀನೇ ಒಪ್ಕೊಂಡುಬಿಡು."

"ಏನು ಒಪ್ಕೊಳ್ಳಲಿ?"

"ಕೈತಪ್ಪಿ ಬೇರೆ ಪುಡಿ ಬೆರೆತುಹೋಯ್ತು ಅನ್ನು. ಇಲ್ಲಾ ಹುರಿಯುವಾಗ ಹೊತ್ತಿತು, ಅದಕ್ಕೇ ಅಂಗಡಿದು ತಂದು ಹಾಕಿದೆ ಅನ್ನು. ನಾಲ್ಕು ಮಾತು ಬೈತಾಳೆ, ಅಲ್ಲಿಗೆ ಮುಗೀತು. ವಯಸ್ಸಾದವಳು, ಎಷ್ಟು ದಿನ ಅಂತ ಕೊರಗ್ತಾಳೆ?"

"ಮಾಡದೆ ಇರೋದನ್ನ ಮಾಡಿದೆ ಅನ್ಲಾ?"

"ಮನೆ ನೆಮ್ಮದಿಗೋಸ್ಕರ."

"ಮನೆ ನೆಮ್ಮದಿಗೆ ನಾನೇ ಕಳ್ಳಿ ಆಗ್ಬೇಕಾ? ನೀವ್ಯಾಕೆ ಆಗಬಾರ್ದು? 'ಅಮ್ಮಾ, ನಾನೇ ಮಾರಿದೆ' ಅಂತ ಹೇಳಿ ನೋಡೋಣ."

ಇದನ್ನು ನಾನು ಕುಚೋದ್ಯಕ್ಕೆ ಹೇಳಿದ್ದು. ಆದರೆ ಅವರ ಮುಖ ಒಮ್ಮೆಲೇ ಬಿಳಿಚಿತು. ಹೆಲ್ಮೆಟ್ ಹಾಕಿಕೊಂಡು, "ನಿನ್ನ ಹತ್ರ ಮಾತಾಡೋದೇ ಕಷ್ಟ, ಆಲೂಗಡ್ಡೆ ತಗೊಂಡು ಬಾ" ಎಂದರು.

ಆಲೂಗಡ್ಡೆ ಆರಿಸುತ್ತ ನಾನು ಯೋಚಿಸಿದೆ. ಈ ಮನುಷ್ಯನ ಕೆಲಸವೇ ಅನುಮಾನ ಪಡುವುದು. ಊರಂಚಿನ ನರೋಡಾದಲ್ಲಿ ಯಾವುದಾದರೂ ಗೋದಾಮಿಗೆ ಬೆಂಕಿ ಬಿತ್ತೆಂದರೆ, ಬೆಂಕಿ ತಾನಾಗಿ ಬಿತ್ತೋ ಹಾಕಿಸಿದ್ದೋ ಎಂದು ವಾರಗಟ್ಟಲೆ ಓಡಾಡುತ್ತಾರೆ. ಮನೆಯಲ್ಲಿ ಹಾಲು ಒಂದು ದಿನ ಒಡೆದರೆ ಹಾಲಿನವನು, ಪಾತ್ರೆ, ನಾನು, ಮೂವರ ಮೇಲೂ ವಿಚಾರಣೆ. ಅಂಥವರು ಈ ಕಾಫಿಯ ವಿಷಯದಲ್ಲಿ ಮಾತ್ರ ಯಾರನ್ನೂ ಏನನ್ನೂ ಕೇಳಲಿಲ್ಲ. ಯಾಕೆ ಕೇಳಲಿಲ್ಲ?

ಎರಡು ದಿನದ ನಂತರ ಬಟ್ಟೆ ಒಣಹಾಕಲು ಟೆರೇಸಿಗೆ ಹೋದರೆ, ನೀರಿನ ಟ್ಯಾಂಕಿನ ಮರೆಯಲ್ಲಿ ಅವರ ದನಿ ಕೇಳಿಸಿತು. "ಇಲ್ಲ ಮಾವ, ಇಲ್ಲಿ ಎಲ್ಲ ಚೆನ್ನಾಗಿದೆ. ಅಮ್ಮ ಆರಾಮಾಗಿದಾಳೆ. ನೀವು ಫೋನ್ ಮಾಡೋಕೆ ಹೋಗ್ಬೇಡಿ, ನಾನೇ ಮಾಡಿಸ್ತೀನಿ." ನಾನು ಬಕೆಟ್ ಕೆಳಗಿಟ್ಟ ಸದ್ದಿಗೆ ಫೋನ್ ಜೇಬಿಗೆ ಹೋಯಿತು.

"ಯಾರದ್ರೀ?"

"ಆಫೀಸಿಂದು."

ಆಫೀಸಿನಲ್ಲಿ ಇವರಿಗೆ ಮಾವ ಯಾರೋ! ಒಂದೊಂದೇ ಬಟ್ಟೆ ಕೊಡವಿ ಹಾಕಿದೆ. ಸಿಗ್ನಲ್ ಇಲ್ಲದ ಊರಿಗೆ ಟ್ಯಾಂಕಿನ ಹಿಂದಿನಿಂದ ಸಿಗ್ನಲ್ ಸಿಗುತ್ತದೆ ಎಂದಾಯಿತು. ಆ ದಿನದಿಂದ ಮನೆಯಲ್ಲಿ ಅತ್ತೆ ನನ್ನನ್ನು ಕಣ್ಣಿಟ್ಟು ಕಾಯುತ್ತಿದ್ದರು, ನಾನು ಗಂಡನನ್ನು ಕಾಯುತ್ತಿದ್ದೆ.

ಆದರೂ ನನ್ನ ತಲೆಗೆ ಹೊಳೆದದ್ದು ಇಷ್ಟೇ: ಮುದುಕಿಯ ನಾಲಿಗೆಯೇ ಕೆಟ್ಟಿದೆ, ಮಾತ್ರೆ ನುಂಗಿ ನುಂಗಿ ರುಚಿ ಹೋಗಿದೆ, ಅದನ್ನು ಅವರಿಗೆ ಹೇಳಲು ಮಗನಿಗೂ ತಮ್ಮನಿಗೂ ಧೈರ್ಯವಿಲ್ಲ. ಹಾಗಿದ್ದರೆ ನಾನೇ ತೋರಿಸುತ್ತೇನೆ ಎಂದುಕೊಂಡೆ. ನನ್ನ ಹೆಸರು ಉಳಿಯಬೇಕಾದರೆ ಅವರ ನಾಲಿಗೆ ಸೋಲಬೇಕು. ಬೇರೆ ದಾರಿ ಕಾಣಲಿಲ್ಲ.

ವಡೋದರಾದಲ್ಲಿ ಹಾಸ್ಟೆಲ್ಲಿನಲ್ಲಿದ್ದು ಓದುತ್ತಿರುವ ಮಗಳು ತೃಪ್ತಿಗೆ ಫೋನ್ ಮಾಡಿದೆ. "ದೀಪಾವಳಿಗೆ ಬರುವಾಗ ಬೇರೆ ಬೇರೆ ಊರಿನ ಕಾಫಿಪುಡಿ ತಗೊಂಡು ಬಾ. ಅಜ್ಜಿಗೆ ಪರೀಕ್ಷೆ ಮಾಡೋದಿದೆ."

"ಬ್ಲೈಂಡ್ ಟೇಸ್ಟಿಂಗ್? ಮಸ್ತ್ ಮಮ್ಮಿ! ನಾನು ಫ್ರೆಂಡ್ ಜೊತೆ ಸೂರತ್ ಹೋಗ್ತಿದೀನಿ, ಅಲ್ಲಿ ಒಂದು ಕೂಲ್ ಕೆಫೆ ಇದೆ. ಎಲ್ಲಿ ಬೆಳೀತು ಅಂತ ಪ್ಯಾಕೆಟ್ ಮೇಲೇ ಬರ್ದಿರುತ್ತೆ."

ಇಲ್ಲಿ ದೀಪಾವಳಿ ಶುರುವಾಗುವುದೇ ಧನತೇರಸ್ ದಿನ; ತೃಪ್ತಿ ಅದಕ್ಕೂ ಮುಂಚೆ ಬಂದಳು. ಭಾನುವಾರ ಬೆಳಗ್ಗೆ ಚಕ್ಕುಲಿಯ ಹಿಟ್ಟು ಕಲಸಿಟ್ಟು ನಾನೂ ಅವಳೂ ಮೂರು ಲೋಟ ಕಾಫಿ ಮಾಡಿದೆವು. ಒಂದು ಮನೆಯ ಪುಡಿಯದು, ಒಂದು ಅವಳು ವಡೋದರಾದ ಅಂಗಡಿಯಲ್ಲಿ ಕೊಂಡ ಕೊಡಗಿನದು, ಒಂದು ಸೂರತ್ತಿನ ಕೆಫೆಯಿಂದ ತಂದ ಪ್ಯಾಕೆಟ್ಟಿನದು. ಯಾವ ಲೋಟ ಯಾವುದು ಎಂದು ನಮ್ಮಿಬ್ಬರಿಗೆ ಮಾತ್ರ ಗೊತ್ತು.

ಅತ್ತೆ ಮೊದಲು ಒಪ್ಪಲಿಲ್ಲ. "ನನ್ನನ್ನೇ ಪರೀಕ್ಷೆ ಮಾಡ್ತೀರಾ?" ಎಂದರು. ತೃಪ್ತಿ ಅವರ ಕುತ್ತಿಗೆಗೆ ಜೋತುಬಿದ್ದು, "ಅಜ್ಜಿ, ಪ್ಲೀಸ್. ನೀನು ಜಜ್. ಕುಡಿ, ಆಮೇಲೆ ಹೇಳು, ಬಸ್" ಎಂದ ಮೇಲೆ ಸೆರಗು ಸರಿಮಾಡಿಕೊಂಡು ಕೂತರು. ನನ್ನ ಗಂಡ ಪೇಪರ್ ಓದುತ್ತಿದ್ದವರು ಓದುವುದನ್ನು ನಿಲ್ಲಿಸಿದರು, ಆದರೆ ಪೇಪರ್ ಮುಖದ ಮುಂದೆಯೇ ಇತ್ತು.

ಮೊದಲ ಲೋಟಕ್ಕೆ ಅತ್ತೆ ಮುಖ ಸಿಂಡರಿಸಿದರು. "ಇದು ನಿಮ್ಮಮ್ಮ ದಿನಾ ನನ್ನ ತಲೆಗೆ ಕಟ್ಟೋದು. ತಗೊಂಡು ಹೋಗು." ಸರಿಯಾಗಿತ್ತು. ಎರಡನೆಯದಕ್ಕೆ, "ಇದು ಕೇರಳದ ಕಡೇದು, ವೈನಾಡಿನದೇ ಇರಬೇಕು" ಎಂದರು. ನನಗೆ ಒಳಗೊಳಗೇ ಖುಷಿಯಾಯಿತು. ತಪ್ಪಿದರು! ನಾಲಿಗೆ ಸುಳ್ಳು ಹೇಳುವುದಿಲ್ಲ ಎಂದಿದ್ದರಲ್ಲ.

ಮೂರನೆಯ ಲೋಟದ ಮೊದಲ ಗುಟುಕಾದ ಮೇಲೆ ಅತ್ತೆ ಲೋಟ ಕೆಳಗಿಡಲಿಲ್ಲ. ಇನ್ನೊಂದು ಗುಟುಕು ಕುಡಿದರು. ಮತ್ತೊಂದು. ಲೋಟ ಪೂರ್ತಿ ಮುಗಿಸಿದರು. ಅವರ ಕಣ್ಣಲ್ಲಿ ನೀರು ತುಂಬಿತ್ತು.

"ಇದು ನಂದು" ಎಂದರು. "ಇದು ಮೇಲಿನ ತೋಟದ್ದು. ಎಲ್ಲಿ ಬಚ್ಚಿಟ್ಟಿದ್ದೆಯೇ ಮಂದಾಕಿನಿ?"

ನಾನು ಜೋರಾಗಿ ನಕ್ಕೆ. ತಿಂಗಳುಗಟ್ಟಲೆ ನುಂಗಿಕೊಂಡಿದ್ದ ನಗು ಅದು. "ಅತ್ತೆ, ಅದು ಸೂರತ್ತಿನ ಅಂಗಡೀದು! ನಿಮ್ಮ ಮೊಮ್ಮಗಳು ಪ್ಯಾಕೆಟ್ಟಿನಲ್ಲಿ ಕೊಂಡು ತಂದಿದ್ದು. ಕೇಳಿ ಅವಳನ್ನೇ. ಈಗಲಾದ್ರೂ ಗೊತ್ತಾಯ್ತಾ, ತಪ್ಪಿರೋದು ಪುಡಿ ಅಲ್ಲ, ನಿಮ್ಮ ನಾಲಿಗೆ!"

ಅತ್ತೆ ಬೆದರಿದವರಂತೆ ಲೋಟದೊಳಗೆ ನೋಡಿದರು. ತಾವೇ ತಮ್ಮನ್ನು ನಂಬಲಾರದ ಒಂದು ನೋಟ ಅವರ ಮುಖದಲ್ಲಿ ಕಂಡಿತು. ನನಗೆ ಅಯ್ಯೋ ಎನಿಸಿತು, ಆದರೂ ಗೆದ್ದ ಸುಖ ಇಳಿದಿರಲಿಲ್ಲ. ಅಷ್ಟರಲ್ಲಿ ಗಂಡ ಪೇಪರ್ ಬಿಸಾಕಿ ಎದ್ದು ಅಡುಗೆಮನೆಗೆ ಹೋಗಿ ಆ ಪ್ಯಾಕೆಟ್ ಎತ್ತಿಕೊಂಡರು.

"ಸಾಕು ಈ ಹುಡುಗಾಟ. ಕಸಕ್ಕೆ ಹಾಕ್ತೀನಿ ಇದನ್ನ."

"ಅರೆ ಪಪ್ಪಾ, ಅದು ಎಷ್ಟು ಕಾಸ್ಟ್ಲಿ ಗೊತ್ತಾ?" ತೃಪ್ತಿ ಅವರ ಕೈಯಿಂದ ಕಿತ್ತುಕೊಂಡಳು. "ಅಜ್ಜಿ, ಬೇಜಾರ್ ಮತ್ ಕರೋ. ಇದು ಎಲ್ಲಿಯದು ಅಂತ ಓದ್ತೀನಿ." ಇಂಗ್ಲಿಷಿನಲ್ಲಿದ್ದುದನ್ನು ತಡವರಿಸುತ್ತ ಕನ್ನಡ ಮಾಡಿದಳು. "ಒಂದೇ ತೋಟ. ಬೇರೆ ಯಾವುದೂ ಮಿಕ್ಸ್ ಇಲ್ಲ. ಪೂರ್ವದ ಇಳಿಜಾರು. ಕಿತ್ತಳೆ ಗಿಡದ ನೆರಳು. ಊರು... ಹೊನ್ನೆಗುಡ್ಡ, ಚಿಕ್ಕಮಗಳೂರು."

ಹೊರಗೆ ಯಾರದೋ ಮಕ್ಕಳು ಪಟಾಕಿ ಹಚ್ಚಿ ಓಡುತ್ತಿದ್ದರು.

"ಇನ್ನೊಂದು ಸಲ ಓದು" ಎಂದರು ಅತ್ತೆ. ತೃಪ್ತಿ ಓದಿದಳು. "ಪೂರ್ವದ ಇಳಿಜಾರಲ್ಲಿ ಕಿತ್ತಳೆ ಇರೋದು ಆ ಊರಲ್ಲಿ ನನ್ನ ತೋಟಕ್ಕೆ ಮಾತ್ರ. ಫೋನ್ ಹಚ್ಚು ಪಟ್ಟಾಭಿಗೆ."

"ಅಮ್ಮಾ, ಅಲ್ಲಿ ಸಿಗ್ನಲ್..." ಎಂದರು ನನ್ನ ಗಂಡ.

"ಟ್ಯಾಂಕಿನ ಹಿಂದೆ ಸಿಗುತ್ತಲ್ಲ" ಎಂದೆ ನಾನು. ತೃಪ್ತಿಯ ಫೋನ್ ತೆಗೆದುಕೊಂಡು ನಾನೇ ಹಚ್ಚಿದೆ. ಸ್ಪೀಕರ್ ಹಾಕಿದೆ. ಮೊದಲ ರಿಂಗಿಗೇ ಎತ್ತಿದರು.

"ಪಟ್ಟಾಭಿ, ಮೇಲಿನ ತೋಟ ಯಾರ ಕೈಲಿದೆ?"

"ಅಕ್ಕಯ್ಯ, ಇದೇನು ಈಗ ಕೇಳ್ತಿದೀಯ? ಮೂರು ವರ್ಷ ಆಯ್ತಲ್ಲ ಕಾಫಿ ಕಂಪನಿಯವರಿಗೆ ಮಾರಿ. ನೀನೇ ಹೂಂ ಅಂದೆಯಂತಲ್ಲ?"

"ನಾನು ಅಂದೆನಾ?"

"ಹಯವದನ ಬಂದು ಹೇಳಿದನಲ್ಲ. ಅಹಮದಾಬಾದಿನಲ್ಲಿ ಮನೆ ತಗೋಬೇಕು, ಅಮ್ಮ ಒಪ್ಪಿದಾಳೆ, ಆದ್ರೆ ಆ ಮಾತು ಎತ್ತಬೇಡಿ, ಎತ್ತಿದ್ರೆ ಅಳ್ತಾಳೆ ಅಂತ. ನಾನು ಎತ್ತಲಿಲ್ಲ. ಬಂದ ದುಡ್ಡೆಲ್ಲ ಅವನಿಗೇ ಕೊಟ್ಟೆ ಅಕ್ಕಯ್ಯ, ದೇವರಾಣೆ ಒಂದು ಬಿಡಿಗಾಸು ಮುಟ್ಟಲಿಲ್ಲ. ಎರಡು ವರ್ಷ ಆ ಕಂಪನಿಯವರನ್ನೇ ಕೇಳಿ ಒಂದು ಮೂಟೆ ನಿನಗೆ ಅಂತ ತಗೊಂಡೆ. ಈ ವರ್ಷ ಕೊಡಲ್ಲ ಅಂದ್ರು. ಕೆಳಗಿನ ತೋಟದ ಬೀಜಾನೇ ಕಳಿಸಿ, ಅಕ್ಕಯ್ಯನಿಗೆ ರುಚಿ ಗೊತ್ತಾಗಿಬಿಡತ್ತೆ ಕಣೋ ಅಂತ ಅವನಿಗೆ ಆವಾಗ್ಲೇ ಹೇಳಿದ್ದೆ."

ಅತ್ತೆ ಫೋನ್ ನನ್ನ ಕೈಗೆ ಕೊಟ್ಟರು. ನಾನು ಗಂಡನನ್ನು ನೋಡಿದೆ. ತೋಟ ಮಾರಿದ್ದು ಅವರಮ್ಮನಿಗೆ ಮಾಡಿದ ಮೋಸ. ಅದು ತಾಯಿ ಮಗನ ನಡುವಿನದು. ಆದರೆ ಗೌರಿ ಹಬ್ಬದಿಂದ ಇವತ್ತಿನವರೆಗೆ ಈ ಮನುಷ್ಯನಿಗೆ ಎಲ್ಲ ಗೊತ್ತಿತ್ತು. ಪುಡಿಯ ಮೇಲೆ ಬಳೆ ಒತ್ತಿದಾಗ ಗೊತ್ತಿತ್ತು, ನನ್ನನ್ನು ಕಳ್ಳಿ ಎಂದಾಗ ಗೊತ್ತಿತ್ತು. ಗೊತ್ತಿದ್ದೂ ಸ್ಕೂಟರ್ ನಿಲ್ಲಿಸಿ, ನೀನೇ ಒಪ್ಪಿಕೋ ಎಂದರು.

"ಎಷ್ಟು ದಿನ ಸುಮ್ಮನೆ ನೋಡ್ತಾ ಕೂತಿದ್ರಿ!" ಎಂದೆ. "ನಿಮ್ಮ ಬಾಯಿಗೆ ಏನಾಗಿತ್ತು? ನರೋಡಾದಲ್ಲಿ ಯಾರದೋ ಗೋದಾಮು ಸುಟ್ರೆ ಸತ್ಯ ಹುಡುಕಿಕೊಂಡು ಹೋಗ್ತೀರಿ. ಇಲ್ಲಿ ನಾನು ಸುಡ್ತಾ ಇದ್ದೆ."

"ಅಮ್ಮ ತಡ್ಕೊಳಲ್ಲ ಅಂತ ಹೆದರಿದೆ ಮಂದಾ. ಬಾಡಿಗೆ ಮನೆ, ಮನೆ ಬದಲಾಯಿಸೋದು, ಎಷ್ಟು ವರ್ಷ? ಎಲ್ಲ ಮನೆಗೋಸ್ಕರನೇ ಮಾಡಿದ್ದು. ನಾನೊಬ್ಬನೇ ಇದೀನಾ ಇಲ್ಲಿ? ಎಲ್ಲರೂ ಇದೀರಲ್ಲ."

"ನನಗೆ ಹೇಳಿದ್ದು ಪಿಎಫ್ ದುಡ್ಡು ಅಂತ" ಎಂದೆ.

"ನನಗೆ ಹೇಳಿದ್ದು ಬ್ಯಾಂಕ್ ಸಾಲ ಅಂತ" ಎಂದರು ಅತ್ತೆ.

ತೃಪ್ತಿ ಅಪ್ಪನನ್ನು ನೋಡುತ್ತಿದ್ದಳು. "ಪಪ್ಪಾ, ನೀವು ಮಮ್ಮಿಗೆ ಸಾರಿ ಹೇಳಿ" ಎಂದಳು. ಅವರು ನೆಲ ನೋಡಿಕೊಂಡು ಏನೋ ಗೊಣಗಿದರು. ಅದು ಯಾವ ಭಾಷೆಯದು ಎಂದೂ ತಿಳಿಯಲಿಲ್ಲ.

ಅತ್ತೆ ಅಳಲಿಲ್ಲ. ಖಂಡಿತ ಅಳುತ್ತಾರೆ, ಎದೆ ಹಿಡಿದುಕೊಳ್ಳುತ್ತಾರೆ ಎಂದು ನಾನು ನೀರಿನ ಲೋಟ ಕೈಯಲ್ಲಿ ಹಿಡಿದೇ ನಿಂತಿದ್ದೆ. ಅವರು ಸುತ್ತ ನೋಡಿದರು. ಗೋಡೆ ನೋಡಿದರು, ಸೂರು ನೋಡಿದರು, ಬಾಲ್ಕನಿಯ ಬಾಗಿಲು ನೋಡಿದರು. ಮೊದಲ ಸಲ ಈ ಮನೆಗೆ ಬಂದವರ ಹಾಗೆ.

"ಹಾಗಾದ್ರೆ ನಾನು ಕೂತಿರೋದು ನನ್ನ ತೋಟದಲ್ಲೇ ಅನ್ನು" ಎಂದರು. "ಈ ಮನೆ ಯಾರ ಹೆಸರಲ್ಲಿದೆ?"

"ನನ್ನ ಹೆಸರಲ್ಲಿ" ಎಂದರು ಮಗ.

"ಅರಿಶಿನ ಕುಂಕುಮದ ಸ್ವತ್ತು ಗಂಡಸರ ಹೆಸರಲ್ಲಿ ಇರೋಹಾಗಿಲ್ಲ. ನಮ್ಮಮ್ಮ ನನಗೆ ಕೊಟ್ಟಳು. ನನ್ನ ನಂತರ ನನ್ನ ಮನೆಯ ಹೆಣ್ಣಿಗೆ. ಹಬ್ಬ ಕಳೀಲಿ, ಕಚೇರಿ ಬಾಗಿಲು ತೆಗೀತಿದ್ದ ಹಾಗೇ ಹೋಗಿ ಮಂದಾಕಿನಿ ಹೆಸರಿಗೆ ಮಾಡಿಸು."

ಗಂಡ ತಲೆ ಎತ್ತಿದರು. ಅಷ್ಟು ಹೊತ್ತು ತಪ್ಪಿತಸ್ಥನಂತೆ ನಿಂತಿದ್ದವರಿಗೆ ಆಗ ಹಳೆಯ ಆಫೀಸರ್ ದನಿ ಬಂತು.

"ಅವಳ ಹೆಸರಿಗಾ? ಪೂರ್ತಿನಾ? ಅಮ್ಮಾ, ಸಿಟ್ಟಲ್ಲಿ ಏನೇನೋ ಹೇಳಬೇಡ. ನಾಳೆ ಹೇಗೋ ಏನೋ. ಯಾರನ್ನಾದರೂ ಅಷ್ಟು ನಂಬೋಕಾಗತ್ತಾ?"

"ಹೌದಪ್ಪಾ" ಎಂದರು ಅತ್ತೆ. "ಗೌರಿ ಹಬ್ಬದಿಂದ ಕಳ್ಳಿ ಕಳ್ಳಿ ಅಂತ ಅವಳನ್ನ ಕಾದೆ. ಒಂದು ಚಮಚ ಪುಡಿ ಆಚೀಚೆ ಆಗಿರಲಿಲ್ಲ. ನಿನ್ನನ್ನ ಕಾಯಲಿಲ್ಲ. ತೋಟಾನೇ ಹೋಯ್ತು."

ಅವರು ಕುರ್ಚಿಯ ಕೈ ಹಿಡಿದು ಎದ್ದರು. ನಾನು ತೋಳು ಕೊಡಲು ಹೋದೆ. ಬೇಡವೆನ್ನಲಿಲ್ಲ, ಆದರೆ ನನ್ನ ಮುಖವನ್ನೂ ನೋಡಲಿಲ್ಲ.

"ನಿನಗೂ ಹೇಳ್ತೀನಿ ಕೇಳು. ನಿನ್ನ ಹೆಸರಿಗೆ ಬಂದ ಮೇಲೆ ನಿನ್ನ ನಂತರ ತೃಪ್ತಿಗೆ ಅಂತ ಆವತ್ತೇ ಬರೆದಿಡು. ಆಮೇಲೆ ನೋಡೋಣ ಅನ್ನಬೇಡ. ನಿನ್ನನ್ನೂ ನಾನು ಪೂರ್ತಿ ನಂಬಲ್ಲ."

"ಆಗಲಿ ಅತ್ತೆ, ನಿಮ್ಮೆದುರಿಗೇ ಬರೆಸ್ತೀನಿ" ಎಂದೆ.

ಪೂರ್ತಿ ನಂಬಲ್ಲ ಎಂದ ಅವರ ಮಾತಿಗೇ ನನ್ನ ಎದೆ ಹಗುರವಾಯಿತು. ಅವರು ಕೈ ಹಿಡಿದು ತಪ್ಪಾಯಿತು ಎಂದಿದ್ದರೆ, ಇದರ ಹಿಂದೆ ಇನ್ನೇನಿದೆಯೋ ಎಂದು ನಾನು ಅನುಮಾನಪಡುತ್ತಿದ್ದೆ.